ಲೀವೈಸ್ ಮನೆತನ, ಗ್ಯಾಪ್ ಮನೆತನ: ಇಬ್ಬರೂ ಒಂದೇ ಬೇಸ್‌ಬಾಲ್ ಟೀಮಿಗೆ ಓನರ್ ಆಗಿದ್ದು ಹೇಗೆ?

ಕೌಲ್‌ಬಜಾರ್ ಕಟಿಂಗ್ ಮಾಸ್ಟರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದೊಂದು ಚಿಕ್ಕ ಜೀನ್ಸ್ ಯೂನಿಟ್. ಕಟಿಂಗ್ ನಮ್ಮಲ್ಲೇ, ಹೊಲಿಗೆ ಅರ್ಧ ಜಾಬ್‌ವರ್ಕ್‌ಗೆ ಹೋಗುತ್ತದೆ. ಆದರೆ ಪ್ರಶ್ನೆ ಆಟದ್ದು, ನಗಬೇಡಿ.

ನಮ್ಮ ಹುಡುಗನೊಬ್ಬ ಎಲ್ಲಿಂದಲೋ ಒಂದು ಹಸಿರು ಟೋಪಿ ತಂದ. ಅದರ ಮೇಲೆ ಆನೆ. ಯಾವ ಟೀಮ್ ಅಂತ ಹುಡುಕಿದರೆ ಅಮೆರಿಕದ ಅಥ್ಲೆಟಿಕ್ಸ್ ಅನ್ನೋ ಬೇಸ್‌ಬಾಲ್ ಟೀಮ್. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಓನರ್ ಯಾರು ಅಂತ ನೋಡಿದೆ, ಮಧ್ಯಾಹ್ನವೆಲ್ಲ ಅದರಲ್ಲೇ ಹೋಯಿತು. ಈಗಿನ ಓನರ್ ಗ್ಯಾಪ್ ಕಂಪನಿ ಕಟ್ಟಿದವರ ಮಗ. ಅದಕ್ಕೂ ಹಿಂದೆ 15 ವರ್ಷ ಲೀವೈಸ್ ಮನೆತನದವರು. ನಮ್ಮ ಗಿರಾಕಿಗಳು ‘ಇದೇ ಥರ ಬೇಕು’ ಅಂತ ಟೇಬಲ್ ಮೇಲೆ ಎಸೆಯುವ ಪ್ಯಾಂಟ್‌ಗಳೇ ಇವೆರಡು!

ಜೀನ್ಸ್ ಮಾರುವವರಿಗೆ ಬೇಸ್‌ಬಾಲ್ ಟೀಮ್ ಯಾಕೆ ಬೇಕಾಯಿತು? ಇನ್ನೊಂದು, ಈ ಟೀಮ್ ಫಿಲಡೆಲ್ಫಿಯಾ, ಕ್ಯಾನ್ಸಸ್ ಸಿಟಿ, ಓಕ್ಲೆಂಡ್ ಅಂತ ಊರೂರು ತಿರುಗಿದೆ. ಈಗ ಲಾಸ್ ವೇಗಸ್‌ಗೆ ಹೊರಟಿದೆಯಂತೆ. ಒಂದು ಟೀಮ್ ಊರು ಬಿಟ್ಟು ಹೋಗೋದು ಅಂದರೆ ಏನು? ಅದನ್ನು ತೀರ್ಮಾನ ಮಾಡೋದು ಯಾರು? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಬೇಸ್‌ಬಾಲ್ ನಿಯಮ ನನಗೆ ಗೊತ್ತಿಲ್ಲ, ಅದು ಬೇಡ. ಮಾಲೀಕರ ಕಥೆ ಸಾಕು.

ಹಂಪಿ ಎಕ್ಸ್‌ಪ್ರೆಸ್

ಆನೆ ಅಂದಕೂಡಲೇ ನಮ್ಮ ಬಳ್ಳಾರಿ ಟಸ್ಕರ್ಸ್ ನೆನಪಾಯಿತು. ಕೆಪಿಎಲ್‌ನಲ್ಲಿ ಆಡುತ್ತಿತ್ತಲ್ಲ. ಈಗ ಮಹಾರಾಜ ಟ್ರೋಫಿಯಲ್ಲಿ ನಮ್ಮ ಊರಿನ ಹೆಸರೇ ಇಲ್ಲ. ಊರು ಬಿಟ್ಟು ಹೋಗೋದು ಅಂದರೆ ಏನು ಅಂತ ಬಳ್ಳಾರಿಯವರೇ ಕೇಳಬೇಕಾ ಮಾಸ್ಟರ್?

ರಿವೆಟ್ ಅಂಗಡಿಯವನು

ಮಾಸ್ಟರ್, ಸರಿಯಾದ ಕಡೆ ಕೇಳಿದ್ದೀರಿ. ಬೆಂಗಳೂರು ರೋಡಿನಲ್ಲಿ ನಮ್ಮದು ಜಿಪ್, ಬಟನ್, ರಿವೆಟ್ ಅಂಗಡಿ. ಈಗ ಗಲ್ಲಾದಲ್ಲಿ ಕೂರುವವನು ನಾನೇ. ಅದಕ್ಕೂ ಮೊದಲು ಕೆಲವು ವರ್ಷ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಅಲ್ಲಿ ಬಾರ್ಟ್ ರೈಲು ಹತ್ತಿದರೆ ಓಕ್ಲೆಂಡ್ ಕೊಲಿಸಿಯಂ ಸ್ಟೇಷನ್. ಇಳಿದು ಒಂದು ಸೇತುವೆ ದಾಟಿದರೆ ಸ್ಟೇಡಿಯಂ ಗೇಟು. ಕೊಲ್ಲಿಯ ಆಚೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಟಿಕೆಟ್ ದುಬಾರಿ, ಈಚೆ ಅಥ್ಲೆಟಿಕ್ಸ್ ಟಿಕೆಟ್ ಅಗ್ಗ. ನಾನು ಅಗ್ಗದ ಕಡೆ ಹೋದೆ, ಅಲ್ಲೇ ಉಳಿದೆ.

ಮೊದಲು ನಿಮ್ಮ ಜೀನ್ಸ್ ವಿಷಯ ಮುಗಿಸೋಣ. ಜೇಬಿನ ಮೂಲೆಗೆ ತಾಮ್ರದ ರಿವೆಟ್ ಹೊಡೆಯುವ ಐಡಿಯಾ ಲೀವೈ ಸ್ಟ್ರಾಸ್‌ದಲ್ಲ. ರೀನೊ ಊರಿನ ಜೇಕಬ್ ಡೇವಿಸ್ ಅನ್ನೋ ದರ್ಜಿಯದು. ಅವನು ಬಟ್ಟೆ ತರಿಸುತ್ತಿದ್ದದ್ದು ಸ್ಟ್ರಾಸ್ ಅಂಗಡಿಯಿಂದ. ಪೇಟೆಂಟ್‌ಗೆ ದುಡ್ಡು ಸಾಲದೆ ಅವನನ್ನೇ ಜೊತೆಗೆ ಸೇರಿಸಿಕೊಂಡ. 1873ರಲ್ಲಿ ಪೇಟೆಂಟ್ ಸಿಕ್ಕಿತು. ಹೆಸರು ಉಳಿದದ್ದು ಮಾತ್ರ ಬಟ್ಟೆ ಕೊಟ್ಟವನದು. ದರ್ಜಿಯ ಹೆಸರು ಎಷ್ಟು ಜನಕ್ಕೆ ಗೊತ್ತು? ಹೋಗಲಿ ಬಿಡಿ, ನಮ್ಮ ಕಡೆಯೂ ಅಷ್ಟೇ.

ಸ್ಟ್ರಾಸ್ ಮದುವೆಯಾಗಲಿಲ್ಲ. 1902ರಲ್ಲಿ ತೀರಿಕೊಂಡಾಗ ಕಂಪನಿ ಅಕ್ಕನ ಗಂಡುಮಕ್ಕಳ ಕೈಗೆ ಬಂತು. ಅವರಲ್ಲಿ ಒಬ್ಬನ ಮಗಳನ್ನು ಮದುವೆಯಾದದ್ದು ಹಾಸ್ ಮನೆತನದ ಹುಡುಗ. ಆ ದಂಪತಿಯ ಮಗ ವಾಲ್ಟರ್ ಹಾಸ್ ಜೂನಿಯರ್. 1980ರಲ್ಲಿ ಅಥ್ಲೆಟಿಕ್ಸ್ ಕೊಂಡವನು ಇವನೇ.

ಇನ್ನು ಗ್ಯಾಪ್. 1969ರಲ್ಲಿ ಡಾನ್ ಫಿಶರ್, ಡೋರಿಸ್ ಫಿಶರ್ ಅನ್ನೋ ಗಂಡ ಹೆಂಡತಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲ ಅಂಗಡಿ ತೆಗೆದರು. ಅಲ್ಲಿ ಮಾರುತ್ತಿದ್ದದ್ದು ಏನು ಗೊತ್ತಾ? ಹಾಡಿನ ರೆಕಾರ್ಡ್‌ಗಳು, ಮತ್ತೆ ಲೀವೈಸ್ ಜೀನ್ಸ್! ಗ್ಯಾಪ್ ಎದ್ದು ನಿಂತಿದ್ದೇ ಲೀವೈಸ್ ಮಾರಿ. ಆಮೇಲೆ ಸ್ವಂತ ಲೇಬಲ್ ಜಾಸ್ತಿ ಮಾಡುತ್ತಾ ಹೋಗಿ 1991ರಲ್ಲಿ ಲೀವೈಸ್ ಮಾರೋದನ್ನೇ ಬಿಟ್ಟರು. ಅವರ ಮಗ ಜಾನ್ ಫಿಶರ್ ಈಗಿನ ಓನರ್. ಇಬ್ಬರದೂ ಒಂದೇ ಊರು, ಒಂದೇ ವ್ಯಾಪಾರ, ಕೊಂಡದ್ದು ಒಂದೇ ಟೀಮ್. ಆದರೆ ನಡೆಸಿದ ರೀತಿ ನೋಡಿದರೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲ.

ಅದು ಅರ್ಥವಾಗಬೇಕಾದರೆ ಹಿಂದಿನ ಮಾಲೀಕರನ್ನು ನೋಡಬೇಕು.

ಟೀಮ್ ಶುರುವಾದದ್ದು 1901ರಲ್ಲಿ, ಫಿಲಡೆಲ್ಫಿಯಾದಲ್ಲಿ. ಹೆಚ್ಚು ಪಾಲು ಬೆನ್ ಶೈಬ್‌ನದು. ಅವನು ಬೇಸ್‌ಬಾಲ್ ಚೆಂಡು, ಬ್ಯಾಟು ತಯಾರಿಸುವ ಕಂಪನಿಯ ಪಾಲುದಾರ. ಕಾಲು ಪಾಲು ಕಾನಿ ಮ್ಯಾಕ್ ಅನ್ನೋ ಹಳೇ ಆಟಗಾರನಿಗೆ. ಅವನೇ ಟೀಮ್ ಮ್ಯಾನೇಜರ್ ಕೂಡ. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಅಂದರೆ ಆಫೀಸಿನವನಲ್ಲ. ಯಾರು ಆಡಬೇಕು, ಯಾವಾಗ ಬದಲಾಯಿಸಬೇಕು ಅಂತ ಮೈದಾನದ ಪಕ್ಕ ಕೂತು ಹೇಳುವವನು. ಮ್ಯಾಕ್ ಯೂನಿಫಾರ್ಮ್ ಹಾಕುತ್ತಿರಲಿಲ್ಲ. ಸೂಟು ಬೂಟು ಹಾಕಿ, ಕೈಯಲ್ಲಿ ಸ್ಕೋರ್‌ಕಾರ್ಡ್ ಹಿಡಿದು ಅದನ್ನೇ ಬೀಸಿ ಆಟಗಾರರನ್ನು ಆಚೀಚೆ ನಿಲ್ಲಿಸುತ್ತಿದ್ದ.

ಆನೆ ಬಂದದ್ದೂ ಆಗಲೇ. ಎದುರಾಳಿ ಟೀಮಿನ ಮ್ಯಾನೇಜರ್ ಜಾನ್ ಮೆಗ್ರಾ, ಶೈಬ್ ಬಿಳಿ ಆನೆ ಕಟ್ಟಿಕೊಂಡ ಅಂತ ಆಡಿಕೊಂಡ. ದುಡ್ಡು ನುಂಗುವ, ಕೆಲಸಕ್ಕೆ ಬಾರದ ಆನೆ ಅಂತ. ಮ್ಯಾಕ್ ಆ ಆನೆಯನ್ನೇ ಟೀಮಿನ ಗುರುತು ಮಾಡಿಕೊಂಡ. ನಿಮ್ಮ ಹುಡುಗನ ಟೋಪಿ ಮೇಲಿರುವುದು ಆ ಬೈಗುಳ!

ಇದೇ ಮ್ಯಾಕ್ 50 ಸೀಸನ್ ಮ್ಯಾನೇಜರ್ ಆಗಿದ್ದ. 1901ರಿಂದ 1950ರವರೆಗೆ. ಬಿಟ್ಟಾಗ ವಯಸ್ಸು 87. ಐದು ವರ್ಲ್ಡ್ ಸೀರೀಸ್ (ಹಲವು ಮ್ಯಾಚ್‌ಗಳ ವರ್ಷದ ಫೈನಲ್) ಗೆದ್ದ: 1910, 1911, 1913, 1929, 1930. ಆದರೆ ಕೊನೆ ಸ್ಥಾನಕ್ಕೆ ಬಿದ್ದದ್ದೂ ಅವನ ಕಾಲದಲ್ಲೇ, ಅದೂ 1915ರಿಂದ 1921ರವರೆಗೆ ಏಳು ವರ್ಷ ಸತತ. 1916ರಲ್ಲಿ 36 ಮ್ಯಾಚ್ ಗೆದ್ದು 117 ಸೋತರು. ಕಾರಣ ದುಡ್ಡು. ಅವನಿಗೆ ಬೇರೆ ವ್ಯಾಪಾರ ಇರಲಿಲ್ಲ, ಟೀಮೇ ಅವನ ಹೊಟ್ಟೆಪಾಡು. ಕೈ ಬಿಗಿಯಾದಾಗಲೆಲ್ಲ ಒಳ್ಳೊಳ್ಳೆ ಆಟಗಾರರನ್ನು ಮಾರಿಬಿಡುತ್ತಿದ್ದ. 1914 ಮುಗಿದ ಮೇಲೆ ಒಮ್ಮೆ, 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಇನ್ನೊಮ್ಮೆ.

ಇಷ್ಟು ಸೋತರೂ ಅವನನ್ನು ಯಾಕೆ ತೆಗೆಯಲಿಲ್ಲ ಅಂದರೆ, ತೆಗೆಯುವವರು ಯಾರು? ಶೈಬ್ 1922ರಲ್ಲಿ ತೀರಿಕೊಂಡ. ಅವನ ಮಕ್ಕಳೂ 1936, 1937ರಲ್ಲಿ ಹೋದರು. ಆಮೇಲೆ ಮ್ಯಾಕ್‌ನೇ ದೊಡ್ಡ ಪಾಲುದಾರ. ಓನರ್ ಮ್ಯಾಕ್ ಮ್ಯಾನೇಜರ್ ಮ್ಯಾಕ್‌ನನ್ನು ಕೆಲಸದಿಂದ ತೆಗೆಯಬೇಕಿತ್ತು. ಅದು ಆಗುವ ಮಾತಾ?

ಕೊನೆಗೆ ಮಕ್ಕಳ ಜಗಳ. ಮೊದಲ ಹೆಂಡತಿಯ ಮಕ್ಕಳು ರಾಯ್ ಮತ್ತು ಅರ್ಲ್ ಒಂದು ಕಡೆ, ಎರಡನೇ ಹೆಂಡತಿಯ ಕಡೆಯವರು ಇನ್ನೊಂದು ಕಡೆ. 1950ರಲ್ಲಿ ರಾಯ್, ಅರ್ಲ್ ಇಬ್ಬರೂ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಟೀಮನ್ನೇ ಅಡವಿಟ್ಟು ಉಳಿದವರ ಪಾಲು ಕೊಂಡರು. ಸಾಲ ತೀರಿಸಲಾಗಲಿಲ್ಲ. 1954ರಲ್ಲಿ ಟೀಮ್ ಕೈತಪ್ಪಿತು. ಬಳ್ಳಾರಿ ವ್ಯಾಪಾರಸ್ಥರ ಮನೆಗಳಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೊಂಡವನು ಶಿಕಾಗೊದ ಆರ್ನಲ್ಡ್ ಜಾನ್ಸನ್. 1955ರಲ್ಲಿ ಟೀಮ್ ಕ್ಯಾನ್ಸಸ್ ಸಿಟಿಗೆ ಹೋಯಿತು. ಈ ಮನುಷ್ಯ ಆಗ ಎದುರಾಳಿ ನ್ಯೂಯಾರ್ಕ್ ಯಾಂಕೀಸ್ ಆಡುವ ಸ್ಟೇಡಿಯಂನ ಮಾಲೀಕ! ಟೀಮ್ ಬೇಕಾದರೆ ಅದನ್ನು ಮಾರು ಅಂತ ಲೀಗ್ ಹೇಳಿತು, ಮಾರಿದ. ಸ್ನೇಹ ಮಾರಲಿಲ್ಲ. ಕ್ಯಾನ್ಸಸ್ ಸಿಟಿಯ ಒಳ್ಳೆ ಆಟಗಾರರು ಒಬ್ಬೊಬ್ಬರಾಗಿ ಯಾಂಕೀಸ್ ಸೇರಿದರು. ರಾಜರ್ ಮ್ಯಾರಿಸ್ ಹೀಗೆ ಹೋಗಿ 1961ರಲ್ಲಿ 61 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದು ದಾಖಲೆ ಮಾಡಿದ. ಕ್ಯಾನ್ಸಸ್ ಸಿಟಿಯ 13 ಸೀಸನ್‌ಗಳಲ್ಲಿ ಸೋಲಿಗಿಂತ ಗೆಲುವು ಜಾಸ್ತಿ ಇದ್ದ ವರ್ಷ ಒಂದೂ ಇಲ್ಲ.

ಅಂಗಡಿಗೆ ಜನ ಬಂದರು. ಫಿನ್ಲಿ ಬಗ್ಗೆ ರಾತ್ರಿ ಬರೆಯುತ್ತೇನೆ. ಅವನು ಒಂದು ಪ್ಯಾರಾದಲ್ಲಿ ಮುಗಿಯುವ ಆಸಾಮಿ ಅಲ್ಲ.

ಕೌಲ್‌ಬಜಾರ್ ಕಟಿಂಗ್ ಮಾಸ್ಟರ್

ಅಣ್ಣ, ಕಾಯುತ್ತಿದ್ದೇವೆ. ಯೂನಿಟ್‌ನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಟೋಪಿಯವನು ಬೈಗುಳ ಅಂತ ಗೊತ್ತಾದ ಮೇಲೆ ಇನ್ನೂ ಜೋರಾಗಿ ಹಾಕಿಕೊಂಡು ತಿರುಗುತ್ತಿದ್ದಾನೆ.

ರಿವೆಟ್ ಅಂಗಡಿಯವನು

ಚಾರ್ಲಿ ಫಿನ್ಲಿ. ಇನ್ಶೂರೆನ್ಸ್ ಮಾರಿ ದುಡ್ಡು ಮಾಡಿದವನು. 1960ರ ಮಾರ್ಚ್‌ನಲ್ಲಿ ಜಾನ್ಸನ್ ಸತ್ತ, ಡಿಸೆಂಬರ್‌ನಲ್ಲಿ ಫಿನ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಕೊಂಡ, ಆಮೇಲೆ ಉಳಿದದ್ದೂ ಕೊಂಡ. ಇನ್ನು ಮೇಲೆ ಯಾಂಕೀಸ್‌ಗೆ ಆಟಗಾರರ ಸಾಗಾಟ ಇಲ್ಲ ಅಂತ ತೋರಿಸೋಕೆ ಒಂದು ಹಳೇ ಬಸ್ ತರಿಸಿ, ಫೋಟೊದವರ ಮುಂದೆ ಬೆಂಕಿ ಇಟ್ಟ. ಆನೆ ತೆಗೆದು ಹೇಸರಗತ್ತೆ ತಂದ, ಅದಕ್ಕೆ ತನ್ನದೇ ಹೆಸರು, ಚಾರ್ಲಿ ಓ. ಆಟಗಾರರಿಗೆ ಹಸಿರು, ಬಂಗಾರದ ಬಣ್ಣದ ಬಟ್ಟೆ, ಆಮೇಲೆ ಬಿಳಿ ಶೂ. ಕಿತ್ತಳೆ ಬಣ್ಣದ ಚೆಂಡು ಕೂಡ ತಂದು ನೋಡಿದ, ಅದು ನಡೆಯಲಿಲ್ಲ.

ಕ್ಯಾನ್ಸಸ್ ಸಿಟಿ ಬಿಡೋದಿಲ್ಲ ಅನ್ನುತ್ತಲೇ ಬೇರೆ ಊರು ಹುಡುಕುತ್ತಿದ್ದ. 1968ಕ್ಕೆ ಓಕ್ಲೆಂಡ್ ಸೇರಿದ. ಕ್ಯಾನ್ಸಸ್ ಸಿಟಿ ಇರುವ ಮಿಸೌರಿ ರಾಜ್ಯದ ಸೆನೆಟರ್ ಸಿಟ್ಟಾಗಿ, ಕಾನೂನು ತರುತ್ತೇನೆ ಅಂತ ಹೆದರಿಸಿದ ಮೇಲೆ ಲೀಗ್ ಕ್ಯಾನ್ಸಸ್ ಸಿಟಿಗೆ 1969ರಲ್ಲೇ ಹೊಸ ಟೀಮ್ ಕೊಟ್ಟಿತು. ಹಂಪಿ ಎಕ್ಸ್‌ಪ್ರೆಸ್ ಅವರೇ, ನಮ್ಮ ಟಸ್ಕರ್ಸ್‌ಗೆ ಅಂಥ ಸೆನೆಟರ್ ಇರಲಿಲ್ಲ ನೋಡಿ.

ಇವನನ್ನು ಬೈಯುವವರು ಒಂದು ಮರೆಯುತ್ತಾರೆ. 1972, 1973, 1974, ಮೂರು ವರ್ಷ ಸತತ ವರ್ಲ್ಡ್ ಸೀರೀಸ್ ಗೆದ್ದದ್ದು ಇವನ ಟೀಮ್. ಜನರಲ್ ಮ್ಯಾನೇಜರ್ ಅಂತ ಬೇರೆ ಇಡಲಿಲ್ಲ. ಆಟಗಾರರನ್ನು ಹುಡುಕಿದ್ದು, ಸಂಬಳ ಮಾತಾಡಿದ್ದು ಅವನೇ. ಆಟ ಅರ್ಥವಾಗುತ್ತಿತ್ತು, ಮನುಷ್ಯರು ಅರ್ಥವಾಗುತ್ತಿರಲಿಲ್ಲ. 1972ರಲ್ಲಿ ಮೀಸೆ ಬಿಟ್ಟ ಆಟಗಾರರಿಗೆ ತಲಾ 300 ಡಾಲರ್ ಕೊಟ್ಟ. ಅದೇ ಮನುಷ್ಯ ಮರುವರ್ಷ ಫೈನಲ್‌ನಲ್ಲಿ ಮೈಕ್ ಆಂಡ್ರೂಸ್ ಕೈಯಿಂದ ಎರಡು ಚೆಂಡು ತಪ್ಪಿದ್ದಕ್ಕೆ, ಅವನಿಗೆ ಪೆಟ್ಟಾಗಿದೆ ಅಂತ ಸುಳ್ಳು ಕಾಗದಕ್ಕೆ ಸಹಿ ಹಾಕಿಸಿ ಮನೆಗೆ ಕಳಿಸಲು ನೋಡಿದ. ಕಮಿಷನರ್, ಅಂದರೆ ಇಡೀ ಬೇಸ್‌ಬಾಲ್‌ನ ಮುಖ್ಯಸ್ಥ, ಬೌವಿ ಕೂನ್ ಅವನನ್ನು ವಾಪಸ್ ಕರೆಸಿದರು. ಮ್ಯಾನೇಜರ್ ಡಿಕ್ ವಿಲಿಯಮ್ಸ್ ಕಪ್ ಗೆದ್ದುಕೊಟ್ಟು ರಾಜೀನಾಮೆ ಬಿಸಾಕಿ ಹೋದ. ಎರಡು ವರ್ಷ ಸತತ ಗೆದ್ದ ಮ್ಯಾನೇಜರ್!

ಅವನು ಮುಳುಗಿದ್ದು ಒಂದು ಇನ್ಶೂರೆನ್ಸ್ ಕಂತಿನಲ್ಲಿ. ಇನ್ಶೂರೆನ್ಸ್ ವ್ಯಾಪಾರಿಯೇ! ಬೌಲರ್ ಕ್ಯಾಟ್‌ಫಿಶ್ ಹಂಟರ್ ಜೊತೆಗಿನ ಒಪ್ಪಂದದಲ್ಲಿ, ಸಂಬಳದ ಅರ್ಧ ಅವನ ಹೆಸರಿನ ಆನ್ಯುಯಿಟಿಗೆ (ಮುಂದೆ ಕಂತು ಕಂತಾಗಿ ಹಣ ಬರುವ ಇನ್ಶೂರೆನ್ಸ್) ಕಟ್ಟಬೇಕು ಅಂತ ಇತ್ತು. ಕಟ್ಟಲಿಲ್ಲ. 1974ರ ಡಿಸೆಂಬರ್‌ನಲ್ಲಿ ಪಂಚಾಯ್ತಿದಾರ ಪೀಟರ್ ಸೈಟ್ಸ್, ಒಪ್ಪಂದ ಮುರಿದಿದೆ, ಹಂಟರ್ ಯಾರ ಜೊತೆ ಬೇಕಾದರೂ ಹೋಗಬಹುದು ಅಂದರು. ಯಾಂಕೀಸ್ ಐದು ವರ್ಷಕ್ಕೆ 30 ಲಕ್ಷ ಡಾಲರ್‌ಗಿಂತ ಜಾಸ್ತಿ ಕೊಟ್ಟು ಕರೆದುಕೊಂಡಿತು. ಉಳಿದವರು ಸುಮ್ನೆ ಇರುತ್ತಾರಾ? ಮುಂದಿನ ವರ್ಷದ ಕೊನೆಗೆ, ಬೇರೆ ಇಬ್ಬರು ಆಟಗಾರರ ಕೇಸಿನಲ್ಲಿ, ಇದೇ ಸೈಟ್ಸ್ ಎಲ್ಲ ಆಟಗಾರರಿಗೂ ಬಾಗಿಲು ತೆರೆದರು.

ಹೇಗಿದ್ದರೂ ಹೋಗುತ್ತಾರೆ, ಮಾರಿಬಿಡೋಣ ಅಂತ 1976ರಲ್ಲಿ ಫಿನ್ಲಿ ಹೊರಟ. ಫಿಂಗರ್ಸ್, ರೂಡಿ ತಲಾ 10 ಲಕ್ಷ ಡಾಲರ್‌ಗೆ ಬಾಸ್ಟನ್‌ಗೆ, ವೈಡಾ ಬ್ಲೂ 15 ಲಕ್ಷಕ್ಕೆ ಯಾಂಕೀಸ್‌ಗೆ. ಕಮಿಷನರ್ ಕೂನ್ ಮೂರೂ ವ್ಯಾಪಾರ ರದ್ದು ಮಾಡಿದರು. ಕೋರ್ಟಿಗೆ ಹೋದ, ಸೋತ. ಕಾನಿ ಮ್ಯಾಕ್ ಮಾಡಿದ್ದನ್ನೇ ತಾನೇ ಇವನೂ ಮಾಡಿದ್ದು? ಆಗ ಕೇಳುವವರು ಇರಲಿಲ್ಲ, ಈಗ ಒಬ್ಬ ಇದ್ದ. 1979ರಲ್ಲಿ ಇಡೀ ಸೀಸನ್‌ಗೆ ಬಂದ ಜನ 3,06,763. ಏಪ್ರಿಲ್‌ನ ಒಂದು ರಾತ್ರಿ 653 ಜನ. ನಮ್ಮ ವಾರ್ಡಿನ ಟೆನಿಸ್ ಬಾಲ್ ಟೂರ್ನಿಗೆ ಅದಕ್ಕಿಂತ ಜಾಸ್ತಿ ಸೇರುತ್ತಾರೆ. ಡೆನ್ವರ್‌ನ ತೈಲ ಕುಳವೊಬ್ಬನಿಗೆ ಮಾರಲು ನೋಡಿದ. ಸ್ಟೇಡಿಯಂ ಲೀಸ್ ಅಡ್ಡ ಬಂತು.

ಈಗ ಬರುತ್ತಾರೆ ನಿಮ್ಮ ಲೀವೈಸ್‌ನವರು. 1980ರಲ್ಲಿ ಸುಮಾರು 1.27 ಕೋಟಿ ಡಾಲರ್‌ಗೆ ಹಾಸ್ ಕೊಂಡರು. ಯಾಕೆ ಅಂದರೆ, ಟೀಮ್ ಊರಲ್ಲೇ ಉಳಿಯಲಿ ಅಂತ. ಲಾಭಕ್ಕಂತೂ ಅಲ್ಲ, ವರ್ಷ ವರ್ಷ ನಷ್ಟ ಮಾಡಿಕೊಂಡರು. ಅಳಿಯ ರಾಯ್ ಐಸೆನ್‌ಹಾರ್ಟ್ ಪ್ರೆಸಿಡೆಂಟ್, ಮಗ ವಾಲಿ ಜೊತೆಗೆ. ಸ್ಯಾಂಡಿ ಆಲ್ಡರ್ಸನ್ ಅನ್ನೋ ವಕೀಲನನ್ನು ತಂದು 1983ರಲ್ಲಿ ಜನರಲ್ ಮ್ಯಾನೇಜರ್ ಮಾಡಿದರು. 1986ರಲ್ಲಿ ಟೋನಿ ಲಾ ರೂಸಾ ಮ್ಯಾನೇಜರ್ ಆಗಿ ಬಂದ. ಓನರ್ ಡ್ರೆಸಿಂಗ್ ರೂಮಿಗೆ ನುಗ್ಗೋದು ನಿಂತಿತು. ಆನೆ ವಾಪಸ್ ಬಂತು. 1988, 1989, 1990 ಮೂರೂ ವರ್ಷ ಫೈನಲ್. 1989ರಲ್ಲಿ ಎದುರಿಗೆ ಆಚೆ ದಡದ ಜೈಂಟ್ಸ್. ಮೂರನೇ ಮ್ಯಾಚ್‌ಗೆ ಇನ್ನೇನು ಶುರು ಅನ್ನುವಾಗ ಭೂಕಂಪ. ಹತ್ತು ದಿನ ಬಿಟ್ಟು ಆಡಿ 4–0 ಗೆದ್ದರು. 1990ರಲ್ಲಿ ಸ್ಟೇಡಿಯಂಗೆ ಬಂದವರು 29 ಲಕ್ಷ ಜನ. ಹನ್ನೊಂದು ವರ್ಷದ ಹಿಂದೆ 3 ಲಕ್ಷ ಇದ್ದದ್ದು.

1995ರಲ್ಲಿ ಸ್ಟೀವ್ ಶಾಟ್, ಕೆನ್ ಹಾಫ್‌ಮನ್ ಅನ್ನೋ ಮನೆ ಕಟ್ಟಿ ಮಾರುವ ವ್ಯಾಪಾರಿಗಳಿಗೆ 8.5 ಕೋಟಿ ಡಾಲರ್‌ಗೆ ಕೊಟ್ಟರು. ಓಕ್ಲೆಂಡ್ ಬಿಡಬಾರದು ಅಂತ ಬೆಲೆ ಇಳಿಸಿಯೇ ಕೊಟ್ಟರು. ಅದೇ ಸೆಪ್ಟೆಂಬರ್‌ನಲ್ಲಿ ಹಾಸ್ ತೀರಿಕೊಂಡರು. ಹೊಸಬರು ಸಂಬಳ ಕತ್ತರಿಸಿ ಅಂದರು. ಆಗ ಆಲ್ಡರ್ಸನ್, ಅವನ ನಂತರ 1997ರಲ್ಲಿ ಬಂದ ಬಿಲ್ಲಿ ಬೀನ್, ಬೇರೆ ಟೀಮಿನವರು ಬೆಲೆ ಕಟ್ಟದ ಆಟಗಾರರನ್ನು ಲೆಕ್ಕ ಹಾಕಿ ಹುಡುಕಿದರು. ಯಾಂಕೀಸ್ ಕೊಡುವ ಸಂಬಳದ ಮೂರನೇ ಒಂದು ಪಾಲಿನಲ್ಲಿ 2002ರಲ್ಲಿ ಸತತ 20 ಮ್ಯಾಚ್ ಗೆದ್ದರು. ಈ ಕಥೆ ಎಲ್ಲರಿಗೂ ಗೊತ್ತು, ಸಿನಿಮಾ ಕೂಡ ಬಂದಿದೆ. ನನಗೆ ಅದರ ಬಗ್ಗೆ ಸ್ವಲ್ಪ ಬೇಜಾರಿದೆ. ಕಡಿಮೆ ದುಡ್ಡಲ್ಲೂ ಗೆಲ್ಲಬಹುದು ಅಂತ ಬೀನ್ ತೋರಿಸಿದ. ಮಾಲೀಕರು ಅದರಲ್ಲಿ ‘ಕಡಿಮೆ ದುಡ್ಡು’ ಅನ್ನೋದನ್ನು ಮಾತ್ರ ಕೇಳಿಸಿಕೊಂಡರು.

2005ರಲ್ಲಿ 18 ಕೋಟಿ ಡಾಲರ್‌ಗೆ ಲೂ ವುಲ್ಫ್ ಮತ್ತು ಜಾನ್ ಫಿಶರ್ ಕೊಂಡರು. ಮುಖ ವುಲ್ಫ್‌ದು, ಹೆಚ್ಚಿನ ದುಡ್ಡು ಫಿಶರ್‌ದು. 2016ರಲ್ಲಿ ವುಲ್ಫ್ ಪಕ್ಕಕ್ಕೆ ಸರಿದ. ಹೊಸ ಸ್ಟೇಡಿಯಂಗೆ ಫ್ರೀಮಾಂಟ್ ನೋಡಿದರು, ಸ್ಯಾನ್ ಹೊಸೆ ನೋಡಿದರು, ಓಕ್ಲೆಂಡ್ ಬಂದರಿನ ಹವರ್ಡ್ ಟರ್ಮಿನಲ್ ನೋಡಿದರು. ಅಷ್ಟರಲ್ಲಿ ಹಳೇ ಕೊಲಿಸಿಯಂ ಹಾಳು ಬಿದ್ದಿತ್ತು. 2013ರಲ್ಲಿ ಒಮ್ಮೆ ಚರಂಡಿ ನೀರು ಆಟಗಾರರ ಕೋಣೆಗೇ ನುಗ್ಗಿತ್ತು. 2023ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್ ಅಂತ ಘೋಷಣೆ. ಒಳ್ಳೆ ಆಟಗಾರರನ್ನೆಲ್ಲ ಅಷ್ಟರಲ್ಲೇ ಕಳಿಸಿಬಿಟ್ಟಿದ್ದರು. ಆ ವರ್ಷ 112 ಮ್ಯಾಚ್ ಸೋತರು.

ಅದೇ ಜೂನ್ 13ರಂದು ಅಭಿಮಾನಿಗಳು ಉಲ್ಟಾ ಬಹಿಷ್ಕಾರ ಮಾಡಿದರು. ಜನ ಬರೋದಿಲ್ಲ ಅಂತ ತಾನೇ ನೀವು ಹೋಗೋದು, ಇಗೋ ಬಂದೆವು ಅಂತ 27,759 ಮಂದಿ ಸೇರಿ, ಹಸಿರು ಅಂಗಿ ಹಾಕಿ, ಟೀಮ್ ಮಾರು ಅಂತ ಫಿಶರ್‌ಗೆ ಕೂಗಿದರು. ನಾನು ಬಳ್ಳಾರಿಯಲ್ಲಿ ಕೂತು ಫೋನಲ್ಲಿ ನೋಡಿದೆ. ಅದೇ ವಾರ ನೆವಾಡಾ ಶಾಸನಸಭೆ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸರ್ಕಾರದ ಹಣ ಕೊಡಲು ಒಪ್ಪಿತು. ನವೆಂಬರ್‌ನಲ್ಲಿ 30 ಟೀಮಿನ ಮಾಲೀಕರು ಮತ ಹಾಕಿದರು. 30–0. ನಿಮ್ಮ ಪ್ರಶ್ನೆಗೆ ಉತ್ತರ ಇದೇ ಮಾಸ್ಟರ್: ಟೀಮ್ ಎಲ್ಲಿರಬೇಕು ಅಂತ ತೀರ್ಮಾನಿಸೋದು ಮಾಲೀಕರು, ಅವರನ್ನು ತಡೆಯಬಲ್ಲವರು ಉಳಿದ ಮಾಲೀಕರು. ಊರಿಗೆ ಅಲ್ಲಿ ಕುರ್ಚಿ ಇಲ್ಲ.

ರಾಯಚೂರು ಹತ್ತಿ ಮಂಡಿ

ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ತಕರಾರು. ಲೀವೈಸ್‌ನವರು ದೇವರು, ಗ್ಯಾಪ್‌ನವನು ರಾಕ್ಷಸ ಅನ್ನೋ ಹಾಗಿದೆ. ಇಷ್ಟು ಸರಳ ಇರೋಕೆ ಸಾಧ್ಯವಾ? ಹಾಳುಬಿದ್ದ ಸ್ಟೇಡಿಯಂನಲ್ಲಿ ಯಾರು ತಾನೇ ದುಡ್ಡು ಹಾಕುತ್ತಾರೆ? ನಮ್ಮ ಆರ್‌ಸಿಬಿ ಕೂಡ ಮಲ್ಯ ಕೈಯಿಂದ ಡಿಯಾಜಿಯೊ ಕೈಗೆ ಹೋಯಿತು, ಬೆಂಗಳೂರೇನೂ ಬಿಡಲಿಲ್ಲ. ಅಲ್ಲಿ ಮಾತ್ರ ಯಾಕೆ ಹೀಗೆ?

ರಿವೆಟ್ ಅಂಗಡಿಯವನು

ಮಂಡಿ ಸಾಹುಕಾರರೇ, ತಕರಾರು ನ್ಯಾಯವಾಗಿದೆ. ಹಾಸ್ ಬಗ್ಗೆ ನಾನು ಬರೆಯದೇ ಬಿಟ್ಟದ್ದು ಒಂದಿದೆ.

1990ರ ಹೊತ್ತಿಗೆ ಜೈಂಟ್ಸ್ ಟೀಮ್ ಸ್ಯಾನ್ ಹೊಸೆ ಕಡೆ ಹೋಗಬೇಕು ಅಂತಿತ್ತು. ಆ ಜಿಲ್ಲೆಯ ಮೇಲೆ ಎರಡೂ ಟೀಮಿಗೆ ಸಮ ಹಕ್ಕು. ಹಾಸ್ ಒಂದು ಡಾಲರ್ ಕೂಡ ತೆಗೆದುಕೊಳ್ಳದೆ, ಆಯಿತು ನೀವೇ ಇಟ್ಟುಕೊಳ್ಳಿ ಅಂತ ಬಿಟ್ಟುಕೊಟ್ಟರು. ಅಲ್ಲಿನ ಜನ ಮತದಾನದಲ್ಲಿ ಸ್ಟೇಡಿಯಂ ಬೇಡ ಅಂದರು. ಜೈಂಟ್ಸ್ ಹೋಗಲಿಲ್ಲ. ಆದರೆ ಹಕ್ಕು ವಾಪಸ್ ಬರಲಿಲ್ಲ. ನಮ್ಮ ಕಡೆ ಪಕ್ಕದ ಹೊಲದವನಿಗೆ ಬಂಡಿ ದಾರಿ ಬಿಟ್ಟುಕೊಟ್ಟು, ಹತ್ತು ವರ್ಷದ ಮೇಲೆ ನೋಡಿದರೆ ಅದು ಅವನ ಪಹಣಿಯಲ್ಲಿ ಕೂತಿರುತ್ತದಲ್ಲ, ಹಾಗೆ. ಸಿಲಿಕಾನ್ ವ್ಯಾಲಿಯ ದುಡ್ಡೆಲ್ಲ ಇರುವುದು ಆ ಜಿಲ್ಲೆಯಲ್ಲಿ. ವುಲ್ಫ್ ಸ್ಯಾನ್ ಹೊಸೆಗೆ ಹೋಗಲು ಕೇಳಿದಾಗ ಜೈಂಟ್ಸ್ ಆಗಲ್ಲ ಅಂದಿತು. ಊರಿನವರೇ ಲೀಗ್ ಮೇಲೆ ಕೇಸ್ ಹಾಕಿದರು. 2015ರಲ್ಲಿ ಮೇಲಿನ ಕೋರ್ಟೂ ತಳ್ಳಿಹಾಕಿತು. ಏಕಸ್ವಾಮ್ಯ ತಡೆಯುವ ಕಾನೂನು ಬೇಸ್‌ಬಾಲ್‌ಗೆ ಅನ್ವಯಿಸೋದಿಲ್ಲ ಅಂತ 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು ಈಗಲೂ ನಡೆಯುತ್ತಿದೆ.

ಹಾಗಾಗಿ ಟೀಮಿನ ಕುತ್ತಿಗೆಗೆ ಬಿದ್ದ ಮೊದಲ ಹಗ್ಗ ಹಾಸ್ ಅವರ ಒಳ್ಳೆತನವೇ. ಅವರನ್ನು ಬೈಯುತ್ತಿಲ್ಲ. ಪಕ್ಕದವನಿಗೆ ಸಹಾಯ ಮಾಡೋದು ಅವರ ಮನೆಯ ರೀತಿ. ಆದರೆ ಒಳ್ಳೆ ಮಾಲೀಕ ಸಿಗೋದು ಅದೃಷ್ಟ, ಅವನ ನಂತರ ಯಾರು ಬರುತ್ತಾರೆ ಅನ್ನೋದು ಅವನ ಕೈಯಲ್ಲೂ ಇರೋದಿಲ್ಲ. ಬೆಲೆ ಇಳಿಸಿ ಮಾರಿದ್ದೂ ಹತ್ತು ವರ್ಷಕ್ಕೆ ಮಾತ್ರ ಬಂತು.

ಫಿಶರ್ ವಿಷಯದಲ್ಲಿ ನನ್ನ ಸಿಟ್ಟು ಇಳಿಯೋದಿಲ್ಲ. ಹೋಗಲಿ ಅಂದರೆ ಹೋಗಲಿ, ಆದರೆ ಇಷ್ಟು ವರ್ಷ ಆ ಊರಿನವರ ಎದುರಿಗೇ ಬರಲಿಲ್ಲ. ಫಿನ್ಲಿ ಕಾಟ ಕೊಟ್ಟರೂ ಹೇಸರಗತ್ತೆ ಹಿಡಿದುಕೊಂಡು ಮೈದಾನದಲ್ಲಿ ನಿಲ್ಲುತ್ತಿದ್ದ.

ಆರ್‌ಸಿಬಿ ಮಾತು ಬೇರೆ. ಅಲ್ಲಿ ಇರುವುದು 30 ಟೀಮ್, ಟೀಮ್ ಬೇಕು ಅನ್ನುವ ಊರುಗಳು ಅದಕ್ಕಿಂತ ಜಾಸ್ತಿ. ಮಾಲೀಕ ‘ನೀವು ಸ್ಟೇಡಿಯಂ ಕಟ್ಟಿಕೊಡದಿದ್ದರೆ ಅವರು ಕಟ್ಟಿಕೊಡುತ್ತಾರೆ’ ಅಂತ ಎರಡು ಊರುಗಳ ನಡುವೆ ಹರಾಜು ಹಾಕಬಹುದು. ಓಕ್ಲೆಂಡ್ ಐದಾರು ವರ್ಷದಲ್ಲಿ ಮೂರು ಟೀಮ್ ಕಳೆದುಕೊಂಡಿತು. ಬಾಸ್ಕೆಟ್‌ಬಾಲ್‌ನ ವಾರಿಯರ್ಸ್ 2019ರಲ್ಲಿ ಆಚೆ ದಡಕ್ಕೆ, ಅಮೆರಿಕನ್ ಫುಟ್‌ಬಾಲ್‌ನ ರೈಡರ್ಸ್ 2020ರಲ್ಲಿ ಲಾಸ್ ವೇಗಸ್‌ಗೆ, 2024ರ ಸೆಪ್ಟೆಂಬರ್ 26ಕ್ಕೆ ಅಥ್ಲೆಟಿಕ್ಸ್‌ನ ಕೊನೆ ಮ್ಯಾಚ್. ಆವತ್ತು 46,889 ಜನ ಬಂದಿದ್ದರು. ಗೆದ್ದರು ಕೂಡ, 3–2.

ಕೊಪ್ಪಳ ಕೋಟೆ ಕೆಳಗಿನವ

ನಂದೊಂದು ಸಣ್ಣ ಪ್ರಶ್ನೆ. ಅಷ್ಟು ಜನ ಅಭಿಮಾನಿಗಳು ತಲಾ ಇಷ್ಟು ಅಂತ ಹಾಕಿ ಅವರೇ ಕೊಂಡುಕೊಳ್ಳಬಾರದಾ? ನಮ್ಮಲ್ಲಿ ಸಹಕಾರ ಸಂಘ ಇಲ್ವಾ, ಹಾಗೆ.

ರಿವೆಟ್ ಅಂಗಡಿಯವನು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅಂಥದ್ದೊಂದಿದೆ, ಗ್ರೀನ್ ಬೇ ಪ್ಯಾಕರ್ಸ್. 1923ರಿಂದ ಸಾಮಾನ್ಯ ಜನರೇ ಷೇರುದಾರರು. ಲಾಭ ಹಂಚೋದಿಲ್ಲ, ಟೀಮ್ ಊರು ಬಿಡೋದೂ ಇಲ್ಲ. ಆದರೆ ಅಥ್ಲೆಟಿಕ್ಸ್ ಮಾರಾಟಕ್ಕೇ ಇರಲಿಲ್ಲವಲ್ಲ, ಎಷ್ಟು ಜನ ಸೇರಿದರೇನು?

ಓಕ್ಲೆಂಡ್‌ನವರು ಬೇರೆ ದಾರಿ ಹಿಡಿದರು. ಓಕ್ಲೆಂಡ್ ಬಾಲರ್ಸ್ ಅಂತ ಹೊಸ ಟೀಮ್ ಕಟ್ಟಿದರು. ದೊಡ್ಡ ಲೀಗ್ ಅಲ್ಲ, ಪಯೊನಿಯರ್ ಲೀಗ್ ಅಂತ ಚಿಕ್ಕದು. 2024ರಿಂದ ಆಡುತ್ತಿದ್ದಾರೆ. ಜನರಿಗೆ ಪಾಲು ಮಾರಿದರು, 2025ರಲ್ಲಿ ಲೀಗ್ ಗೆದ್ದೂ ಬಿಟ್ಟರು.

ಕೌಲ್‌ಬಜಾರ್ ಕಟಿಂಗ್ ಮಾಸ್ಟರ್

ಅಣ್ಣ, ಕೈ ಮುಗಿದೆ. ಈಗ ಆ ಟೀಮ್ ಎಲ್ಲಿ ಆಡುತ್ತಿದೆ? ಲಾಸ್ ವೇಗಸ್ ಇನ್ನೂ ಆಗಿಲ್ಲ ತಾನೇ? ಹುಡುಗರಿಗೆ ಒಂದು ಮ್ಯಾಚ್ ತೋರಿಸಬೇಕು. ಟೈಮ್ ಹೇಗೆ ಹೊಂದುತ್ತದೆ?

ರಿವೆಟ್ ಅಂಗಡಿಯವನು

2025ರಿಂದ ಸ್ಯಾಕ್ರಮೆಂಟೊ ಪಕ್ಕದ ಒಂದು ಚಿಕ್ಕ ಸ್ಟೇಡಿಯಂನಲ್ಲಿ, ಸುಮಾರು 14,000 ಜನ ಹಿಡಿಯುವಂಥದ್ದು. ಅದು ಕೆಳ ಹಂತದ ಲೀಗಿನಲ್ಲಿ ಆಡುವ ಅಲ್ಲಿನ ಟೀಮಿನ ಮೈದಾನ. ಅದರ ಹಿಂದೆ ಇರುವವರು ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ, ಬಾಸ್ಕೆಟ್‌ಬಾಲ್‌ನ ಸ್ಯಾಕ್ರಮೆಂಟೊ ಕಿಂಗ್ಸ್ ಮಾಲೀಕರು. ಅಲ್ಲಿರುವಷ್ಟು ದಿನ ಹೆಸರಿನಲ್ಲಿ ಊರೇ ಇಲ್ಲ, ಬರೀ ಅಥ್ಲೆಟಿಕ್ಸ್. ಲಾಸ್ ವೇಗಸ್ ಸ್ಟೇಡಿಯಂ ಕೆಲಸ 2025ರ ಜೂನ್‌ನಲ್ಲಿ ಶುರುವಾಯಿತು, 2028ಕ್ಕೆ ಅಲ್ಲಿ ಆಡಬೇಕು ಅನ್ನೋದು ಅವರ ಲೆಕ್ಕ.

ಟೈಮ್ ನಿಮಗೆ ಚೆನ್ನಾಗಿದೆ. ಅಲ್ಲಿ ಸಂಜೆ 7 ಅಂದರೆ ನಮಗೆ ಮರುದಿನ ಬೆಳಿಗ್ಗೆ 7:30. ಸೀಸನ್ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಯೂನಿಟ್ ಬಾಗಿಲು ತೆಗೆಯುವ ಹೊತ್ತಿಗೆ ಅರ್ಧ ಮ್ಯಾಚ್ ಮುಗಿದಿರುತ್ತದೆ. ಮತ್ತೆ, ನೀವು ಹೇಳಿದ್ದ 15 ನಂಬರ್ ಜಿಪ್ ಬಂದಿದೆ, ಹುಡುಗನನ್ನು ಕಳಿಸಿ. ಟೋಪಿ ಹಾಕಿಕೊಂಡೇ ಬರಲಿ, ನೋಡಬೇಕು.